ಪೇಪರ್‌ನವರ ಕಥೆಯನ್ನೇ ಕಾದಂಬರಿ ಮಾಡಿದ ಕುಂದರನಾಡಿನ ಕಟ್ಟೀಮನಿ: ಯಾರಿವರು? ಈಗ ಯಾಕೆ ಓದಬೇಕು?

ನಾಗನೂರ: ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕಿನ ಯಾವ ಹುಡುಗನನ್ನಾದರೂ ನಿಂದ್ರಿಸಿ, ನಮ್ಮ ಭಾಗದ ದೊಡ್ಡ ಸಾಹಿತಿ ಯಾರಪ್ಪಾ ಅಂತ ಕೇಳ್ರಿ. ಘೋಡಗೇರಿಯ ಚಂದ್ರಶೇಖರ ಕಂಬಾರರ ಹೆಸರು ತಟ್ಟನೆ ಬರ್ತದ. ಜ್ಞಾನಪೀಠ ಬಂದೈತಿ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದೋರು ಬಾಯಿಪಾಠ ಮಾಡಿರ್ತಾರ. ಸ್ವಲ್ಪ ಹಿರಿಯರಾದರೆ ಬೆಟಗೇರಿ ಕೃಷ್ಣಶರ್ಮರ ಹೆಸರು ಸೇರಿಸ್ತಾರೆ. ಬಸವರಾಜ ಕಟ್ಟೀಮನಿ ಅಂದರೆ ಮಾತ್ರ 'ಹೆಸರು ಕೇಳೇವಿ' ಅಂತಾರ. ಮುಂದೆ ಮಾತಿಲ್ಲ.

ಕಟ್ಟೀಮನಿಯವರು ಹುಟ್ಟಿದ್ದು 1919ರ ಅಕ್ಟೋಬರ್ 5ರಂದು, ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ. ಆ ಭಾಗಕ್ಕೆ ಕುಂದರನಾಡು ಅಂತ ಹೆಸರು. ಹಾಗಾಗಿ ಅವರನ್ನು ಇವತ್ತಿಗೂ ಕುಂದರನಾಡಿನ ಕಂದ ಅಂತಲೇ ಕರೀತಾರೆ. ಆಗ ಮೂಡಲಗಿ ತಾಲೂಕು ಇರಲಿಲ್ಲ, ನಾಗನೂರ ಸೇರಿ ಎಲ್ಲಾ ಗೋಕಾಕಕ್ಕೇ ಸೇರಿತ್ತು. ಕರ್ನಾಟಕ ಅನ್ನೋ ರಾಜ್ಯವೂ ಇರಲಿಲ್ಲ, ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಕಾಲೇಜಿನ ಡಿಗ್ರಿ ಅವರ ಹೆಸರಿನ ಮುಂದೆ ಇಲ್ಲ. ಸಣ್ಣ ವಯಸ್ಸಿನಲ್ಲೇ ಪತ್ರಿಕೆಗೆ ಸೇರಿದರು. ಸಂಯುಕ್ತ ಕರ್ನಾಟಕ, ತರುಣ ಕರ್ನಾಟಕ ಹೀಗೆ ಒಂದರಿಂದ ಒಂದಕ್ಕೆ ಹೋಗ್ತಾ ಕೆಲಸ ಮಾಡಿದರು. 1942ರ ಚಳವಳಿಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲು ಕಂಡರು.

ಈ ಜೈಲು ಮತ್ತು ಪತ್ರಿಕೆ ಎರಡೇ ಅವರ ಕಾಲೇಜು. ಕಾದಂಬರಿಗಳು ಹೊರಗ ಬಂದದ್ದೂ ಅಲ್ಲಿಂದಲೇ.

ಮೊದಲು 'ಮಾಡಿ ಮಡಿದವರು' ನೋಡೋಣ. ಗಾಂಧೀಜಿ 1942ರಲ್ಲಿ ಕೊಟ್ಟ ಕರೆ 'ಮಾಡು ಇಲ್ಲವೇ ಮಡಿ'. ಕಟ್ಟೀಮನಿಯವರು ಶೀರ್ಷಿಕೆಯಲ್ಲಿ ಆ 'ಇಲ್ಲವೇ' ಅನ್ನೋದನ್ನ ತೆಗೆದು ಹಾಕಿದರು. ಮಾಡಿದರು, ಮಡಿದರೂ ಮಡಿದರು. ಬೆಳಗಾವಿ ಜಿಲ್ಲೆಯಲ್ಲಿ ಆ ಚಳವಳಿ ನಡೆದದ್ದು ಭಾಷಣದಲ್ಲಿ ಅಲ್ಲ. ಟಪಾಲು ಚೀಲ ಕಸಿದರು, ತಂತಿ ಕತ್ತರಿಸಿದರು, ಚಾವಡಿಯ ದಫ್ತರ ಸುಟ್ಟರು. ಮಾಡಿದವರು ಹೆಚ್ಚಿನವರು ಹೊಲದ ಮಂದಿ. ಇತಿಹಾಸದ ಪುಸ್ತಕದಲ್ಲಿ ಇವರ ಹೆಸರು ಹುಡುಕಿದರೆ ಸಿಗೋದು ಕಷ್ಟ. ಇಂಥ ಹಳ್ಳಿಗರನ್ನೇ ಇಟ್ಟುಕೊಂಡು ಬರೆದ ಕಾದಂಬರಿ ಇದು. 1970ರ ದಶಕದಲ್ಲಿ ಕೆ.ಎಂ. ಶಂಕರಪ್ಪ ಇದನ್ನ ಸಿನಿಮಾ ಕೂಡ ಮಾಡಿದರು.

ಇದೆಲ್ಲಾ ಯಾಕೆ ಹೀಗೆ ಬರೀತಿದ್ದರು ಅನ್ನೋದಕ್ಕೆ ಒಂದು ಹಿನ್ನೆಲೆ ಐತಿ. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳತ್ವದಲ್ಲಿ ಪ್ರಗತಿಶೀಲ ಚಳವಳಿ ಅಂತ ಶುರುವಾಯಿತು. ತ.ರಾ.ಸು., ನಿರಂಜನ, ಚದುರಂಗ, ನಮ್ಮ ಕಟ್ಟೀಮನಿ ಎಲ್ಲಾ ಆ ಗುಂಪಿನವರು. ಸಾಹಿತ್ಯ ಅಂದರೆ ಪಂಡಿತರ ಸ್ವತ್ತಲ್ಲ, ಕೂಲಿಕಾರ, ವೇಶ್ಯೆ, ಗುಮಾಸ್ತ, ರೈತ ಎಲ್ಲರ ಬದುಕೂ ಅದರಲ್ಲಿ ಬರಬೇಕು, ಎಲ್ಲರಿಗೂ ತಿಳಿಯೋ ಹಂಗ ಬರೀಬೇಕು ಅನ್ನೋದು ಅವರ ವಾದ. ಕಟ್ಟೀಮನಿಯವರ ಪುಸ್ತಕಗಳ ಹೆಸರು ನೋಡಿದರೇ ಗೊತ್ತಾಗ್ತದ: ಖಾನಾವಳಿಯ ನೀಲಾ, ಗ್ರಾಮಸೇವಿಕೆ, ಜನಿವಾರ ಮತ್ತು ಶಿವದಾರ. ಸುಮಾರು 40 ಕಾದಂಬರಿ ಬರೆದರು. ಎಲ್ಲವೂ ಒಂದೇ ತೂಕದ್ದಲ್ಲ, ಅವಸರದಲ್ಲಿ ಬರೆದದ್ದು ಅಂತ ಅನ್ನಿಸುವವೂ ಅದಾವ. ಬರವಣಿಗೆಯಿಂದಲೇ ಹೊಟ್ಟೆ ತುಂಬಬೇಕಾದವರಿಗೆ ಆ ಅವಸರ ತಪ್ಪಿದ್ದಲ್ಲ ಅನ್ನೋದು ನನ್ನ ಅಭಿಪ್ರಾಯ.

ಗದ್ದಲ ಎಬ್ಬಿಸಿದ್ದು 'ಜರತಾರಿ ಜಗದ್ಗುರು'. ಜರತಾರಿ ಅಂದರೆ ಜರಿಯ ಅಂಚಿನ ಬಟ್ಟೆ. ವಿರಕ್ತನ ಮೈಮೇಲೆ ಜರತಾರಿ ಯಾಕೆ ಅನ್ನೋ ಪ್ರಶ್ನೆ ಹೆಸರಿನಲ್ಲೇ ಐತಿ. ಮಠದ ಭಕ್ತರಿಗೆ ಸಿಟ್ಟು ಬಂತು, ವಿರೋಧ ಆಯಿತು. ನಮ್ಮ ಕಡೆ ಮಠ ಅಂದರೆ ಶಾಲೆ, ಬೋರ್ಡಿಂಗ್, ದಾಸೋಹ, ಜಾತ್ರೆ ಎಲ್ಲಾ. ಊರಿನ ಅರ್ಧ ವ್ಯವಹಾರ ಅಲ್ಲೇ. ಅಂಥಲ್ಲಿ ಹುಟ್ಟಿ ಬೆಳೆದವರೊಬ್ಬರು ಇದನ್ನ ಬರೆದರು ಅನ್ನೋದನ್ನ ನೆನಪಿಟ್ಟುಕೊಂಡು ಓದಬೇಕು.

ಈಗ ಮುಖ್ಯ ಪುಸ್ತಕಕ್ಕೆ ಬರ್ತೀನಿ. 'ಜ್ವಾಲಾಮುಖಿಯ ಮೇಲೆ'. ಇದು ಪೇಪರ್‌ನವರ ಕಥೆ. ಪತ್ರಿಕೆಯಲ್ಲಿ ದುಡಿಯೋ ಮನುಷ್ಯ ಒಂದು ಕಡೆ, ಪತ್ರಿಕೆಗೆ ದುಡ್ಡು ಹಾಕಿದ ಮಾಲೀಕ ಇನ್ನೊಂದು ಕಡೆ. ಊರಿಗೆಲ್ಲಾ ನ್ಯಾಯ ಹೇಳೋ ಪತ್ರಿಕೆಯ ಒಳಗ ನ್ಯಾಯ ಇರ್ತದೋ ಇಲ್ಲೋ ಅನ್ನೋದನ್ನ ಒಳಗಿದ್ದು ನೋಡಿದವರೇ ಬರೆದಿದ್ದಾರೆ. ಇದಕ್ಕೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರು ಪ್ರಶಸ್ತಿ ಬಂತು.

ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರ ಬಹಳ ಮಂದಿಗೆ ಗೊತ್ತಿಲ್ಲ. ಹಳ್ಳಿ, ಹೋಬಳಿ ಮಟ್ಟದ ವರದಿಗಾರರಲ್ಲಿ ಹೆಚ್ಚಿನವರಿಗೆ ಸಂಬಳ ಇಲ್ಲ. ಕೆಲವು ಕಡೆ ಸುದ್ದಿಗೆ ಇಷ್ಟು ಅಂತ ಕೊಡ್ತಾರೆ, ಕೆಲವು ಕಡೆ ಅದೂ ಇಲ್ಲ. ಕೊರಳಿಗೆ ಒಂದು ಐಡಿ ಕಾರ್ಡ್, ಅಷ್ಟೇ. ದುಡ್ಡು ಬರೋದು ಜಾಹೀರಾತಿನ ಕಮಿಷನ್‌ನಿಂದ. ಜನವರಿ 26, ಆಗಸ್ಟ್ 15, ದೀಪಾವಳಿ, ಸಾಹೇಬರ ಹುಟ್ಟುಹಬ್ಬ, ಇವೇ ನಮ್ಮ ಸುಗ್ಗಿ. ಆ ಶುಭಾಶಯದ ಜಾಹೀರಾತು ಕೊಡೋರು ಯಾರು? ಪಂಚಾಯಿತಿ ಮೆಂಬರ್, ಗುತ್ತಿಗೆದಾರ, ಸೊಸೈಟಿ ಅಧ್ಯಕ್ಷ, ಕಾರ್ಖಾನೆಯವರು. ಮರುದಿನ ಕಬ್ಬಿನ ಬಿಲ್ ಬಾಕಿ ಐತಿ, ರಸ್ತೆ ಕಾಮಗಾರಿ ಕಳಪೆ ಐತಿ ಅಂತ ಬರೀಬೇಕಾದದ್ದೂ ಇವರ ಬಗ್ಗೆನೇ. ಹಿಂಗಾಗಿ ಕೆಲವು ಸುದ್ದಿ ಬರ್ತಾವ, ಕೆಲವು ಬರಂಗಿಲ್ಲ. ಬರದ ಸುದ್ದಿಗೆ ಯಾರೂ ಫೋನ್ ಮಾಡಿ ಧಮಕಿ ಹಾಕಿರಬೇಕು ಅಂತೇನಿಲ್ಲ. ಬರಿಯೋ ಮುಂಚೆ ಬರಿಯೋನೇ ಲೆಕ್ಕ ಹಾಕಿರ್ತಾನ.

ಕಟ್ಟೀಮನಿಯವರ ಕಾಲದಲ್ಲಿ ಅಚ್ಚಿನ ಮೊಳೆ ಇತ್ತು, ಈಗ ಮೊಬೈಲ್ ಐತಿ. ಆಗ ಒಬ್ಬ ಮಾಲೀಕ ಕಣ್ಣಿಗೆ ಕಾಣ್ತಿದ್ದ. ಈಗ ನಮ್ಮ ವೆಬ್‌ಸೈಟ್, ಯೂಟ್ಯೂಬ್ ಚಾನೆಲ್‌ಗಳಲ್ಲಿ ನಾವೇ ವರದಿಗಾರ, ನಾವೇ ಕ್ಯಾಮೆರಾ, ನಾವೇ ಜಾಹೀರಾತು ವಿಭಾಗ. ಮಾಲೀಕನ ಜೊತೆ ಜಗಳ ಆಡಿ ಕೆಲಸ ಬಿಡಬಹುದಿತ್ತು. ಜಾಹೀರಾತು ಕೊಡೋ ಊರಿನ ಜೊತೆ ಹೆಂಗ ಜಗಳ ಆಡೋದು?

ಪುಸ್ತಕದಲ್ಲಿ ವ್ಯವಸ್ಥೆಯನ್ನು ಬೈದವರನ್ನು ವ್ಯವಸ್ಥೆ ದೂರ ಇಡಲಿಲ್ಲ ಅನ್ನೋದೂ ಹೇಳಬೇಕು. 1968ರಿಂದ 1974ರವರೆಗೆ ವಿಧಾನ ಪರಿಷತ್ ಸದಸ್ಯರಾಗಿದ್ದರು. 1980ರಲ್ಲಿ ಬೆಳಗಾವಿಯಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಗಡಿ ಜಿಲ್ಲೆಯಲ್ಲಿ ಸಮ್ಮೇಳನ, ಅದಕ್ಕೆ ಇದೇ ಜಿಲ್ಲೆಯ ಹಳ್ಳಿಯವರು ಅಧ್ಯಕ್ಷರು, ಆ ಕಾಲಕ್ಕೆ ಸಣ್ಣ ಮಾತಲ್ಲ. 1989ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಬೆಳಗಾವಿಯಲ್ಲಿ ಸರ್ಕಾರದ ಪ್ರತಿಷ್ಠಾನ ಐತಿ.

ಓದಬೇಕು ಅನ್ನೋರಿಗೆ: ಮೊದಲು 'ಮಾಡಿ ಮಡಿದವರು' ಹಿಡೀರಿ, ನಮ್ಮ ಭಾಗದ ಮಾತು, ಮಂದಿ ಅದರಲ್ಲಿ ಸಿಗ್ತಾರೆ. ಪತ್ರಿಕೋದ್ಯಮ ಕಲೀತಿರೋ ಹುಡುಗ ಹುಡುಗಿಯರು ನೇರ 'ಜ್ವಾಲಾಮುಖಿಯ ಮೇಲೆ' ಶುರು ಮಾಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಾಗೈತಿ. ಅಲ್ಲಿ ಕಾಣದಿದ್ದರೆ ಗೋಕಾಕದ ಗ್ರಂಥಾಲಯದಲ್ಲಿ ಕೇಳ್ರಿ, ಹಳೆಯ ಕಪಾಟಿನಲ್ಲಿ ಹುಡುಕಿಸ್ರಿ. ಇಲ್ಲ ಅಂದರೆ ಬೇಡಿಕೆ ಪುಸ್ತಕದಲ್ಲಿ ಹೆಸರು ಬರೆದು ಬರ್ರಿ.