ತುಕ್ಕನ್ನು ಒರೆಸಬೇಡಿ, ಓದಿ

ಸೂರತ್ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಸೀರೆ ಮತ್ತು ವಜ್ರ. ಆ ಸೀರೆಗಳಿಗೆ ಬಣ್ಣ ಏರುವ ಜಾಗಗಳಲ್ಲಿ ಪಾಂಡೇಸರಾ ಒಂದು. ಉಧನಾ ರೈಲು ನಿಲ್ದಾಣಕ್ಕೆ ಹತ್ತಿರದ ಈ ಕೈಗಾರಿಕಾ ಪ್ರದೇಶದ ತುಂಬ ಡೈಯಿಂಗ್, ಪ್ರಿಂಟಿಂಗ್ ಮಿಲ್‌ಗಳು. ಇಲ್ಲಿ ಒಡಿಯಾ, ಭೋಜಪುರಿ, ಮರಾಠಿ ದಿನವೂ ಕೇಳುತ್ತವೆ. ಕನ್ನಡ ಕಿವಿಗೆ ಬೀಳುವುದು ಅಪರೂಪ. ಮಿಲ್ಲೊಂದರ ಲ್ಯಾಬ್‌ನಲ್ಲಿ ಶೇಡ್ ಹೊಂದಿಸುವುದು ನನ್ನ ಕೆಲಸ. ಬಟ್ಟೆಯ ತುಂಡನ್ನು ಲೈಟ್ ಬಾಕ್ಸ್‌ನಲ್ಲಿಟ್ಟು ಒಮ್ಮೆ ಹಗಲು ಬೆಳಕಿನ ದೀಪದಲ್ಲಿ, ಒಮ್ಮೆ ಅಂಗಡಿಯ ಟ್ಯೂಬ್‌ಲೈಟಿನಂಥ ದೀಪದಲ್ಲಿ ನೋಡಬೇಕು. ಒಂದು ಬೆಳಕಿನಲ್ಲಿ ಅವಳಿಗಳಂತೆ ಕಾಣುವ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಬೇರೆಯಾಗಿಬಿಡುತ್ತವೆ. ಇದೇ ಅಭ್ಯಾಸ ಮುಂದೆ ಹಳೆಯ ಜಪಾನಿ ಕತ್ತಿಗಳನ್ನು ನೋಡುವುದಕ್ಕೂ ನೆರವಾಯಿತು.

ನನ್ನ ಸಂಗ್ರಹ ಶುರುವಾದದ್ದು ಅಡಕತ್ತರಿಯಿಂದ. ಗುಜರಾತಿನಲ್ಲಿ ಅದನ್ನು ಸೂಡಿ ಎನ್ನುತ್ತಾರೆ. ಜಾಮ್‌ನಗರದ ಸೂಡಿಗೆ ದೊಡ್ಡ ಹೆಸರು. ಹಳೆಯ ಸೂಡಿಗಳನ್ನು ಹುಡುಕುತ್ತಾ ಹೋದಾಗ ವಡೋದರಾದ ಹಿರಿಯ ಸಂಗ್ರಾಹಕರೊಬ್ಬರ ಪರಿಚಯವಾಯಿತು. ಎಪ್ಪತ್ತು ದಾಟಿದ ಅವರನ್ನು ನಾನು ಕಾಕಾ ಎಂದು ಕರೆಯುತ್ತೇನೆ. ಮಗ್ಗದ ಯಂತ್ರಗಳ ವ್ಯವಹಾರಕ್ಕೆಂದು ಜಪಾನಿಗೆ ಹೋಗಿಬರುತ್ತಿದ್ದ ದಿನಗಳಲ್ಲಿ ಅವರಿಗೆ ಕತ್ತಿಯ ಹುಚ್ಚು ಹಿಡಿಯಿತಂತೆ. ಬಿಡುವಿನ ಭಾನುವಾರಗಳಲ್ಲಿ ರೈಲು ಹತ್ತಿ ಅವರ ಮನೆಗೆ ಹೋಗುವುದು ಈಗ ನನ್ನ ರೂಢಿ.

ಕಾಕಾ ಮೊದಲ ದಿನ ಕತ್ತಿಯನ್ನು ಕೈಗೇ ಕೊಡಲಿಲ್ಲ. ಮೊದಲು ನಿಯಮ ಹೇಳಿದರು. ಅಲಗಿಗೆ ಬೆರಳು ತಾಗಬಾರದು. ಬೆವರಿನ ಉಪ್ಪು ಸಾಕು, ಕಲೆ ಹತ್ತಲು. ಅಲಗಿನ ಮೇಲೆ ಬಾಗಿ ಮಾತಾಡಬಾರದು. ಎಂಜಲ ಹನಿ ಬಿದ್ದರೂ ತುಕ್ಕು. ಕತ್ತಿಯನ್ನು ಒರೆಯಿಂದ ತೆಗೆಯುವಾಗ ಹರಿತದ ಬದಿ ಮೇಲಿರಬೇಕು, ಬೆನ್ನು ಮಾತ್ರ ಒರೆಯ ಒಳಮೈಗೆ ತಾಗಬೇಕು.

ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಆಕಾರ. ತಾಚಿ ಎಂಬ ಹಳೆಯ ಬಗೆಯ ಕತ್ತಿಯನ್ನು ಹರಿತದ ಬದಿ ಕೆಳಗಾಗುವಂತೆ ಸೊಂಟದಿಂದ ತೂಗುಬಿಡುತ್ತಿದ್ದರು. ಆಮೇಲೆ ಬಂದ ಕತಾನಾವನ್ನು ಹರಿತದ ಬದಿ ಮೇಲಾಗುವಂತೆ ನಡುಪಟ್ಟಿಗೆ ಸಿಕ್ಕಿಸುತ್ತಿದ್ದರು. ಎರಡರಲ್ಲೂ ಕಮ್ಮಾರ ಸಾಮಾನ್ಯವಾಗಿ ಸಹಿ ಕೆತ್ತುತ್ತಿದ್ದುದು ಧರಿಸಿದಾಗ ಹೊರಗೆ ಬರುವ ಬದಿಯಲ್ಲಿ. ಹಾಗಾಗಿ ಸಹಿ ಯಾವ ಬದಿಯಲ್ಲಿದೆ ಎಂಬುದೇ ಒಂದು ಸುಳಿವು.

ಎರಡನೆಯದು ಉಕ್ಕಿನ ಮೈ. ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಉರಿಸಿ ತೆಗೆದ ಉಕ್ಕು ತಮಹಗಾನೆ. ಅದನ್ನು ಬಡಿದು, ಮಡಚಿ, ಮತ್ತೆ ಬಡಿದು ಹತ್ತು ಹದಿನೈದು ಸಲ ಮಾಡಿದರೆ ಪದರಗಳು ಸಾವಿರ ದಾಟುತ್ತವೆ. ಒಳ್ಳೆಯ ಅಲಗಿನಲ್ಲಿ ಈ ಪದರಗಳು ಮರದ ಎಳೆಯಂತೆ ಕಾಣಿಸುತ್ತವೆ.

ಮೂರನೆಯದು ಹದದ ಗೆರೆ, ಅಂದರೆ ಹಮೋನ್. ಕಮ್ಮಾರ ಅಲಗಿನ ಬೆನ್ನಿಗೆ ದಪ್ಪವಾಗಿ, ಹರಿತದ ಬದಿಗೆ ತೆಳ್ಳಗೆ ಮಣ್ಣು ಮೆತ್ತಿ, ಕಾಯಿಸಿ, ನೀರಿಗೆ ಅದ್ದುತ್ತಾನೆ. ಬೇಗ ತಣಿದ ಹರಿತದ ಬದಿ ಗಡುಸಾಗುತ್ತದೆ, ನಿಧಾನವಾಗಿ ತಣಿದ ಬೆನ್ನು ಮಿದುವಾಗಿ ಉಳಿಯುತ್ತದೆ. ಎರಡೂ ಕೂಡುವ ಕಡೆ ಮಂಜಿನಂಥ ಬಿಳಿ ಗೆರೆ ಮೂಡುತ್ತದೆ. ಕೋಣೆಯ ದೀಪ ಆರಿಸಿ, ಒಂದೇ ಬಲ್ಬಿನ ಕಡೆಗೆ ಅಲಗನ್ನು ಚಾಚಿ ಮೆಲ್ಲಗೆ ಓರೆ ಮಾಡಿದರೆ ಮಾತ್ರ ಅದು ಪೂರ್ತಿ ಕಾಣುವುದು. ‘ದೀಕರಾ, ಕತ್ತಿಯನ್ನಲ್ಲ, ಬೆಳಕನ್ನು ಹುಡುಕು’ ಎಂದು ಕಾಕಾ ಹೇಳಿದಾಗ ನನಗೆ ನಮ್ಮ ಲೈಟ್ ಬಾಕ್ಸ್ ನೆನಪಾಯಿತು. ನಕಲಿಗಳಲ್ಲಿ ಆಸಿಡ್‌ನಿಂದ ಬರೆದ ಗೆರೆ ಯಾವ ಕೋನದಲ್ಲೂ ಒಂದೇ ತರಹ ಬೆಳ್ಳಗಿರುತ್ತದೆ. ನಿಜವಾದ ಗೆರೆಯಲ್ಲಿ ಬೆಳಕು ಸರಿದಂತೆ ಕಣಗಳು ಮಿನುಗಿ ಮರೆಯಾಗುತ್ತವೆ.

ಕೊನೆಗೆ ನೋಡುವುದು ನಕಾಗೊ, ಅಂದರೆ ಹಿಡಿಯೊಳಗೆ ಅಡಗಿರುವ ಅಲಗಿನ ಬಾಲ. ಹಿಡಿಗೆ ತೂರಿಸಿದ ಚಿಕ್ಕ ಬಿದಿರಿನ ಕಡ್ಡಿ ತೆಗೆದರೆ ಹಿಡಿ ಕಳಚಿಕೊಳ್ಳುತ್ತದೆ. ಸಹಿ ಇರುವುದು ಅಲ್ಲೇ. ಆದರೆ ಸಹಿಗಿಂತ ಮುಖ್ಯ ತುಕ್ಕು. ಪ್ರಸಿದ್ಧ ಕಮ್ಮಾರರ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು, ಕೆತ್ತಿದ್ದಾರೆ ಕೂಡ. ನೂರಾರು ವರ್ಷದ ನಯವಾದ ಕಪ್ಪುಕಂದು ತುಕ್ಕನ್ನು ಮಾತ್ರ ಸುಲಭವಾಗಿ ನಕಲು ಮಾಡಲಾಗದು. ಅದಕ್ಕೇ ಜಪಾನಿನಲ್ಲಿ ನಕಾಗೊವನ್ನು ಯಾರೂ ಉಜ್ಜುವುದಿಲ್ಲ. ಅದು ಕತ್ತಿಯ ಜನ್ಮಪತ್ರಿಕೆ.

ಈ ಪಾಠ ಕಳೆದ ವರ್ಷ ಕೆಲಸಕ್ಕೆ ಬಂತು. ನಮ್ಮ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿ ಕೊಡಗಿನ ಗೆಳೆಯರೊಬ್ಬರಿದ್ದಾರೆ. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದವರು. ಬರುವಾಗ ಜಪಾನಿ ಅಧಿಕಾರಿಯ ಕತ್ತಿಯೊಂದನ್ನು ತಂದಿದ್ದರು. ಮನೆಯ ಅಟ್ಟದಲ್ಲಿದ್ದ ಅದನ್ನು ಕೈಲ್ ಮುಹೂರ್ತಕ್ಕೆ ಮೊದಲು ವರ್ಕ್‌ಶಾಪಿಗೆ ಕೊಟ್ಟು ಬಫಿಂಗ್ ಮಾಡಿಸಿ, ಬಾಲವನ್ನೂ ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿಸೋಣ ಎಂದು ಊರಿನಲ್ಲಿ ಮಾತಾಗಿತ್ತು. ಹೊಳಪು ಬಂದರೆ ಹೆಚ್ಚು ಬೆಲೆ ಕೊಡುತ್ತೇನೆಂದು ಯಾರೋ ಆಸೆ ಹುಟ್ಟಿಸಿದ್ದರು. ಗೆಳೆಯರು ಈ ಸುದ್ದಿ ಹೇಳಿದ ಸಂಜೆಯೇ ಕಾಕಾಗೆ ಫೋನ್ ಮಾಡಿದೆ. ಅವರ ಮೊದಲ ಮಾತು: ‘ಯಾರೂ ಕೈ ಹಚ್ಚದಿರಲಿ.’

ಇಂಥ ಕತ್ತಿಗಳು ನಮ್ಮ ದೇಶದ ಮನೆಗಳಿಗೆ ಬಂದ ಹಿನ್ನೆಲೆ ದೊಡ್ಡದು. ಜಪಾನಿನಲ್ಲಿ 1876ರ ಆಜ್ಞೆಯಿಂದ ಸಾಮುರಾಯ್‌ಗಳು ಬೀದಿಯಲ್ಲಿ ಕತ್ತಿ ಧರಿಸುವುದು ನಿಂತಿತು. ಮುಂದೆ 1934ರಲ್ಲಿ ಸೇನೆ ಹಳೆಯ ತಾಚಿಯ ಮಾದರಿಯ ಕತ್ತಿಯನ್ನು ಅಧಿಕಾರಿಗಳಿಗೆ ಮತ್ತೆ ತಂದಿತು. ಅಧಿಕಾರಿಗಳು ಕತ್ತಿಯನ್ನು ಸ್ವಂತ ಖರ್ಚಿನಲ್ಲಿ ಕೊಳ್ಳುತ್ತಿದ್ದರು. ಬಹುಪಾಲು ಕಾರ್ಖಾನೆಯ ಮಾಲು. ಕೆಲವರು ಮಾತ್ರ ವಂಶದ ಹಳೆಯ ಅಲಗಿಗೆ ಸೇನೆಯ ಹಿಡಿ, ಒರೆ ತೊಡಿಸಿ ಯುದ್ಧಕ್ಕೆ ಒಯ್ದರು. 1945ರ ಶರಣಾಗತಿಯಲ್ಲಿ ಜಪಾನಿ ಅಧಿಕಾರಿಗಳು ಕತ್ತಿಗಳನ್ನು ಒಪ್ಪಿಸಲೇಬೇಕೆಂದು ಮೌಂಟ್‌ಬ್ಯಾಟನ್ ಪಟ್ಟು ಹಿಡಿದರು. ಫೀಲ್ಡ್ ಮಾರ್ಷಲ್ ತೆರಾವುಚಿ ಆ ನವೆಂಬರ್‌ನಲ್ಲಿ ಸೈಗಾನ್‌ನಲ್ಲಿ ತಮ್ಮ ಎರಡು ಕತ್ತಿಗಳನ್ನು ಒಪ್ಪಿಸಿದರು. ಬರ್ಮಾದಲ್ಲಿ ಕಾದಾಡಿದವರಲ್ಲಿ ನಮ್ಮ ನಾಡಿನ ಸೈನಿಕರೂ ಇದ್ದರು. ಯುದ್ಧಭೂಮಿಯಲ್ಲಿ ಬ್ರಿಗೇಡ್ ಮುನ್ನಡೆಸಿದ ಮೊದಲ ಭಾರತೀಯ, ಕೊಡಗಿನ ಕೆ.ಎಸ್. ತಿಮ್ಮಯ್ಯ ಆ ರಣರಂಗದವರೇ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ.

ಹೀಗಾಗಿ ಪ್ರಶ್ನೆ ಒಂದೇ: ಗೆಳೆಯರ ಮನೆಯದು ಕಾರ್ಖಾನೆಯದೋ, ಹಳೆಯದೋ? ಗೆಳೆಯರು ಊರಿಗೆ ಹೋದಾಗ ಕಾಕಾ ಹೇಳಿದಂತೆ ಹಿಡಿ ಕಳಚಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿದರು. ಯುದ್ಧಕಾಲದ ಅಲಗುಗಳಲ್ಲಿ ನಕಾಗೊದ ಮೇಲೆ ಶೋವಾ ಅಥವಾ ಸೆಕಿ ಎಂಬ ಚಿಕ್ಕ ಮುದ್ರೆ ಸಿಗುವುದುಂಟು. ಕೆಳದರ್ಜೆಯ ಅಧಿಕಾರಿಗಳಿಗೆ ಸೇನೆ ಕೊಟ್ಟ ಕತ್ತಿಯಾದರೆ ಅಲಗಿನ ಮೇಲೇ ಸಂಖ್ಯೆ ಒತ್ತಿರುತ್ತದೆ. ಇದರಲ್ಲಿ ಮುದ್ರೆಯೂ ಇಲ್ಲ, ಸಂಖ್ಯೆಯೂ ಇಲ್ಲ, ಸಹಿಯೂ ಇಲ್ಲ. ತುಕ್ಕು ಗಾಢ ಕಂದು. ಕಡ್ಡಿ ತೂರಿಸುವ ತೂತು ಒಂದಿರಬೇಕಾದಲ್ಲಿ ಎರಡು. ಹಿಂದೆಂದೋ ಬೇರೆ ಹಿಡಿ ಹಾಕಿದ್ದಾರೆ, ಪ್ರಾಯಶಃ ಉದ್ದದ ಅಲಗನ್ನು ಬಾಲದ ಕಡೆಯಿಂದ ಮೊಟಕು ಮಾಡಿದ್ದಾರೆ; ಹಾಗೆ ಮಾಡಿದಾಗ ಸಹಿಯೂ ಹೋಗುತ್ತದೆ. ‘ಹಳೆಯದೆಂದು ತೋರುತ್ತದೆ. ಎಷ್ಟು ಹಳೆಯದು, ಯಾರು ಮಾಡಿದ್ದು ಎಂದು ಫೋಟೋ ನೋಡಿ ಹೇಳುವವನನ್ನು ನಂಬಬೇಡ, ನಾನೇ ಹೇಳಿದರೂ ನಂಬಬೇಡ’ ಎಂದರು ಕಾಕಾ.

ಕಾಕಾ ಹೇಳಿದ ಸುಳಿವುಗಳೆಲ್ಲ ಉಪ್ಪುಕಾಗದದ ಹತ್ತು ನಿಮಿಷದ ಕೆಲಸಕ್ಕೆ ಅಳಿಸಿಹೋಗುತ್ತಿದ್ದವು. ಬಫಿಂಗ್ ಚಕ್ರದ ಬಿಸಿಗೆ ಹರಿತದ ಬದಿಯ ಹದ ಕೆಟ್ಟರೆ ಅದನ್ನು ಮೊದಲಿನಂತೆ ಮಾಡುವುದು ಯಾರಿಂದಲೂ ಆಗದು. ಜಪಾನಿನಲ್ಲಿ ಹೊಳಪು ಕೊಡುವುದು ಪ್ರತ್ಯೇಕ ಕುಲಕಸುಬು. ಒರಟಿನಿಂದ ನುಣುಪಿನವರೆಗೆ ಕಲ್ಲು ಬದಲಿಸುತ್ತಾ ವಾರಗಟ್ಟಲೆ ಉಜ್ಜುತ್ತಾರೆ. ಪ್ರತಿ ಸಲವೂ ಒಂದಿಷ್ಟು ಉಕ್ಕು ಸವೆಯುವುದರಿಂದ ಅವರೂ ಅದನ್ನು ಪದೇ ಪದೇ ಮಾಡುವುದಿಲ್ಲ.

ಇದು ಜಪಾನಿನ ಕತ್ತಿಗಷ್ಟೇ ಹೇಳುವ ಮಾತಲ್ಲ. ಇಂಗ್ಲಿಷರು ‘ವೂಟ್ಜ್’ ಎಂದು ಕರೆದ ಹೆಸರಾಂತ ಉಕ್ಕಿನ ಹಿಂದಿರುವುದು ನಮ್ಮ ‘ಉಕ್ಕು’ ಎಂಬ ಪದವೇ ಎನ್ನುವುದು ಬಹುಮಂದಿ ಒಪ್ಪುವ ಮಾತು. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಬಗ್ಗೆ ಪ್ರಬಂಧ ಒಪ್ಪಿಸಿದರು. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಅದನ್ನು ಕರಗಿಸುತ್ತಿದ್ದರು. ಆ ಉಕ್ಕಿನ ಅಲಗುಗಳಲ್ಲಿ ನೀರಿನ ಅಲೆಯಂಥ ವಿನ್ಯಾಸವಿರುತ್ತದೆ. ಆಯುಧಪೂಜೆಗೆ ಹುಣಸೆಹುಳಿ, ಬೂದಿ, ಉಪ್ಪುಕಾಗದ ಹಾಕಿ ತಿಕ್ಕುವ ನಮ್ಮ ಮನೆಗಳಲ್ಲಿ ಆ ಅಲೆ ಮಾಸಿಹೋದ ಕತ್ತಿಗಳೆಷ್ಟೋ! ಅದನ್ನು ಬಲ್ಲವರು ಮತ್ತೆ ಮೂಡಿಸಬಹುದು. ಹಿಡಿಯ ಬಳಿಯ ಬರಹ, ಚಿನ್ನದ ಕುಸುರಿ ಸವೆದುಹೋದರೆ ಮಾತ್ರ ಮರಳಿ ಬಾರವು.

ನಿಮ್ಮ ಮನೆಯಲ್ಲೂ ಹಳೆಯ ಕತ್ತಿಯಿದ್ದರೆ ಇಷ್ಟು ಮಾಡಿ. ಅಲಗಿನ ಧೂಳನ್ನು ಒಣ ಹತ್ತಿ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಹಿಡಿದು ಒರೆಸಿ. ಜಪಾನಿನಲ್ಲಿ ಲವಂಗದ ವಾಸನೆಯ ತೆಳು ಎಣ್ಣೆ ಬಳಸುತ್ತಾರೆ; ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಚರ್ಮದ ಒರೆ ತೇವ ಹಿಡಿಯುತ್ತದೆ, ಮಳೆನಾಡಿನಲ್ಲಂತೂ ಅದರಲ್ಲಿ ಇಡಬೇಡಿ. ಬಾಲವನ್ನು ಮುಟ್ಟಬೇಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕತ್ತಿ ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದರಿಂದ ನಿಮ್ಮ ಜಿಲ್ಲಾಡಳಿತದಲ್ಲಿ ವಿಚಾರಿಸಿಕೊಳ್ಳಿ.

ಗೆಳೆಯರ ಮನೆಯವರು ಕತ್ತಿಯನ್ನು ಮಾರಲಿಲ್ಲ. ಈ ಸಲದ ಕೈಲ್ ಮುಹೂರ್ತದಲ್ಲಿ ಅದು ಹೊಳಪಿಲ್ಲದೆಯೇ, ತೆಳು ಎಣ್ಣೆ ಸವರಿಸಿಕೊಂಡು, ಕೋವಿಗಳ ಪಕ್ಕದಲ್ಲಿ ಹೂವಿಟ್ಟುಕೊಂಡು ಕೂತಿತ್ತು. ಅಜ್ಜ ಎಲ್ಲಿ ಯುದ್ಧ ಮಾಡಿದರು, ಯಾವ ಪಲ್ಟನ್‌ನಲ್ಲಿದ್ದರು ಎಂದು ಮನೆಯ ಮಕ್ಕಳು ಈಗ ಹಳೆಯ ಪಿಂಚಣಿ ಕಾಗದಗಳನ್ನು ಹುಡುಕುತ್ತಿದ್ದಾರಂತೆ.

(ಲೇಖಕರು ಸೂರತ್‌ನಲ್ಲಿ ಜವಳಿ ತಂತ್ರಜ್ಞರು)