ಮಾರುವ ಮನೆಗೆ ಎಷ್ಟು ದುರಸ್ತಿ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅಂದು ಅದು ಅಪರೂಪದ ಮಾತು. ಉದ್ಯೋಗವನ್ನರಸಿ ಪುಣೆಗೆ ಬಂದ ನಮ್ಮಂಥವರಿಗಾದರೋ ಆ ಪ್ರಸಂಗ ಒಮ್ಮೆಯಾದರೂ ಒದಗುತ್ತದೆ. ಕೆಲವರಿಗೆ ನಿವೃತ್ತಿಯ ನಂತರ ಧಾರವಾಡಕ್ಕೆ ಮರಳುವ ಹಂಬಲ. ಕೆಲವರಿಗೆ ಲಿಫ್ಟ್ ಇಲ್ಲದ ಮೂರನೆಯ ಮಹಡಿ ಮೊಣಕಾಲಿಗೆ ಭಾರ.

ತಾಯಿಯವರ ಮೊಣಕಾಲಿನ ಸಲುವಾಗಿಯೇ, ತಂದೆಯವರು ಕೊಂಡಿದ್ದ ಕೋಥರೂಡದ ಮನೆಯನ್ನು ಮಾರಲು ನಾವು ಹೊರಟೆವು. ತಾರಸಿಯ ಕೆಳಗಿನ ಮನೆ; ಮಳೆಗಾಲದಲ್ಲಿ ತಾಯಿಯವರ ಕೋಣೆಯ ಗೋಡೆ ಒಸರುತ್ತಿತ್ತು. ಫೆಬ್ರುವರಿಯಲ್ಲಿ ಬಂದ ಬಣ್ಣದವನು, "ಈಗ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಜೂನ್ ತನಕ ಯಾರಿಗೂ ತಿಳಿಯದು, ಸಾಹೇಬರೇ" ಎಂದ. ಒಂದು ರಾತ್ರಿ ನನ್ನ ಮನಸ್ಸು ಆ ಅಗ್ಗದ ಸಲಹೆಗೆ ಒಲಿದಿತ್ತೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಮರುದಿನ, ವಾಣಿಜ್ಯ ಓದಿದವನ ಅಭ್ಯಾಸದಂತೆ, ಕಾಗದದ ಮೇಲೆ ಮೂರು ಕಲಂ ಎಳೆದೆ.

ಮೊದಲನೆಯದು, ಮಾಡಲೇಬೇಕಾದದ್ದು: ನೀರು ಮತ್ತು ವಿದ್ಯುತ್ತು. ತಾರಸಿಯ ಬಿರುಕಿನಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಗಾರೆಯನ್ನು ಕೆಡವುತ್ತದೆ. ಬಣ್ಣ ಇದನ್ನು ಮರೆಮಾಡಬಲ್ಲದೇ ಹೊರತು ತಡೆಯಲಾರದು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳಂತೆ ಮಳೆನೀರಿನ ಸೋರಿಕೆಯ ದುರಸ್ತಿ ಸೊಸೈಟಿಯ ಹೊಣೆ. ಆದ್ದರಿಂದ ಮೊದಲು ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಡಬೇಕು. ಹಳೆಯ ವೈರಿಂಗ್ ಇದ್ದಲ್ಲಿ ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಸ್ವಿಚ್ಚನ್ನು ಕೂಡಿಸುವುದು ಲೇಸು.

ಎರಡನೆಯದು, ಅಲ್ಪ ಖರ್ಚಿನದು: ತೊಟ್ಟಿಕ್ಕುವ ನಲ್ಲಿ, ಬೀಳದ ಚಿಲಕ, ಒಡೆದ ಗಾಜು. ಇವನ್ನು ನೋಡಿದ ಗ್ರಾಹಕ, ಕಾಣದ ಭಾಗವೂ ಹೀಗೆಯೇ ಇರಬಹುದೆಂದು ಶಂಕಿಸುತ್ತಾನೆ.

ಮೂರನೆಯದು, ಮಾಡಬಾರದ್ದು: ಹೊಸ ನೆಲಹಾಸು, ಹೊಸ ಅಡುಗೆಕಟ್ಟೆ. ನಮ್ಮ ರುಚಿ ಕೊಳ್ಳುವವರ ರುಚಿಯಲ್ಲ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಮುಖ್ಯವಾಗಿ ನೋಡುವುದು ವಿಸ್ತೀರ್ಣ, ಕಟ್ಟಡದ ವಯಸ್ಸು, ಸ್ಥಳ, ಕಾಗದಪತ್ರಗಳನ್ನು. ಪರವಾನಗಿಯಿಲ್ಲದೆ ಬಾಲ್ಕನಿ ಮುಚ್ಚಿಸಿದರಂತೂ ಸಾಲಕ್ಕೇ ತೊಡಕು. ಬಣ್ಣ ಮತ್ತು ಸಾಮಾನ್ಯ ರಿಪೇರಿಯ ಖರ್ಚನ್ನು ಬಂಡವಾಳ ಲಾಭದಿಂದ ಕಳೆಯಲು ಆದಾಯ ತೆರಿಗೆಯ ಕಾನೂನೂ ಒಪ್ಪುವುದಿಲ್ಲ; ಶಾಶ್ವತ ಸುಧಾರಣೆಗಳಿಗೆ ಮಾತ್ರ ಆ ಅವಕಾಶವುಂಟು. ಅವುಗಳ ರಸೀದಿಗಳನ್ನು ಕಾಯ್ದಿಡಿ.

ಈ ಮೂರರಲ್ಲಿಯೂ ಸೇರದ ಒಂದು ಬಾಬು ಉಳಿಯಿತು: ಹೇಳಲೇಬೇಕಾದದ್ದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ಕಾನೂನಿಗಿಂತ ದೊಡ್ಡದು ಆರೋಗ್ಯದ ಮಾತು. ತೇವದ ಗೋಡೆಯ ಬೂಷ್ಟು ಉಬ್ಬಸವನ್ನು ಉಲ್ಬಣಗೊಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಮನೆಯೊಳಗಿನ ತೇವ ಹಾಗೂ ಬೂಷ್ಟಿಗೇ ಮೀಸಲಾಗಿದೆ. ಆ ಕೋಣೆಯಲ್ಲಿ ತಾಯಿಯವರು ಮಳೆಗಾಲದ ಎಷ್ಟು ರಾತ್ರಿಗಳನ್ನು ಕುಳಿತೇ ಕಳೆದಿದ್ದರೆಂಬುದನ್ನು ನಾನು ಬಲ್ಲೆ.

ಸೊಸೈಟಿಯು ಮೇ ತಿಂಗಳಲ್ಲಿ ತಾರಸಿಗೆ ಜಲನಿರೋಧಕ ಲೇಪ ಮಾಡಿಸಿತು. ಗೋಡೆಯ ವಿಷಯ ಕೇಳಿದ ಮೊದಲ ಗ್ರಾಹಕರು ಮರಳಿ ಬರಲಿಲ್ಲ. ಎರಡನೆಯವರು ಎಳೆಗೂಸಿನ ದಂಪತಿಗಳು. ಬೆಲೆ ತುಸು ಇಳಿಸಿ ಕೊಂಡರು. ಅಷ್ಟು ಹಣ ನಷ್ಟವಾದದ್ದು ನಿಜ. ಆದರೆ ಮಳೆ ಸುರಿವ ರಾತ್ರಿ, ಆ ಮಗುವಿನ ತೊಟ್ಟಿಲು ಯಾವ ಗೋಡೆಯ ಬದಿಗಿದೆಯೋ ಎಂದು ನಾನು ಎದ್ದು ಕೂಡಬೇಕಾಗಿಲ್ಲ.