ಸರಕು ಇಲ್ಲಿ ನಿಲ್ಲಬೇಕು

ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ಅಂಟಿಕೊಂಡ ಕಲಬುರಗಿಗೆ ಹಳಿಯಿದೆ, ಹೆದ್ದಾರಿಯಿದೆ, ಉದ್ದನೆಯ ರನ್‌ವೇ ಇದೆ. ಸರಕು ಸಾಗಣೆಯ ದೊಡ್ಡ ನೆಲೆಯಾಗಲು ಇನ್ನೇನು ಬೇಕು?

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ತೊಗರಿ ಕಟಾವು ಶುರುವಾಗಿರುತ್ತದೆ. ಸಂಕ್ರಾಂತಿ ಹತ್ತಿರವಾದಂತೆ ನಗರದ ನೆಹರು ಗಂಜ್ ಮಾರುಕಟ್ಟೆಗೆ ಹೊಸ ಮಾಲು ಬರತೊಡಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಕಮಲಾಪುರ ಕಡೆಯ ರಾಶಿ ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಬಂದು ಅಡತಿ ಅಂಗಡಿಗಳ ಮುಂದೆ ಇಳಿಯುತ್ತದೆ. ಕಾಟಾ ಆಗುತ್ತದೆ, ಹಮಾಲರು ಚೀಲ ಹೊರುತ್ತಾರೆ, ಲಾರಿ ತುಂಬುತ್ತದೆ. ಅದರಲ್ಲಿ ಒಂದು ಪಾಲು ಇಲ್ಲಿನ ಮಿಲ್ಲುಗಳಿಗೆ ಹೋಗಿ ಬೇಳೆಯಾಗುತ್ತದೆ. ಉಳಿದದ್ದು ಕಾಳಾಗಿಯೇ ಜಿಲ್ಲೆಯ ಗಡಿ ದಾಟುತ್ತದೆ.

ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಹೆಸರು ನಮ್ಮದಾಯಿತು. ಆದರೆ ಆ ತೊಗರಿಯನ್ನು ಕೂಡಿಡುವ, ಒಡೆಯುವ, ಪ್ಯಾಕ್ ಮಾಡುವ, ಸಾಗಿಸುವ ಕೆಲಸದಲ್ಲಿ ಹುಟ್ಟುವ ಹಣದ ದೊಡ್ಡ ಪಾಲು ಇನ್ನೂ ಹೊರಗೇ ಉಳಿಯುತ್ತಿದೆ. ಸರಕು ಕಲಬುರಗಿಯ ಮೂಲಕ ಹಾದುಹೋಗುತ್ತದೆ, ಇಲ್ಲಿ ನಿಲ್ಲುವುದಿಲ್ಲ. ಈ ಜಿಲ್ಲೆಯ ಮುಂದಿನ ಮೂವತ್ತು ವರ್ಷಗಳ ಬದುಕು ಈ ಒಂದು ವಿಷಯವನ್ನು ನಾವು ಹೇಗೆ ಬಗೆಹರಿಸುತ್ತೇವೆ ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಕಡಲಿಲ್ಲದ ಪುಟ್ಟ ದೇಶ

ಇದಕ್ಕೆ ಒಂದು ಮಾದರಿ ಯುರೋಪಿನ ಲಕ್ಸೆಂಬರ್ಗ್ ದೇಶ. ಅದರ ವಿಸ್ತೀರ್ಣ 2,586 ಚದರ ಕಿ.ಮೀ. ಯಾದಗಿರಿ ಬೇರೆಯಾದ ಮೇಲೆ ಉಳಿದ ಕಲಬುರಗಿ ಜಿಲ್ಲೆಯೇ ಅದರ ನಾಲ್ಕು ಪಟ್ಟು ದೊಡ್ಡದು. ಅಲ್ಲಿನ ಜನಸಂಖ್ಯೆ ಏಳು ಲಕ್ಷದೊಳಗೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯದು 25 ಲಕ್ಷ ದಾಟಿತ್ತು. ಲಕ್ಸೆಂಬರ್ಗಿಗೆ ಕಡಲಿಲ್ಲ. ಸುತ್ತ ಫ್ರಾನ್ಸ್, ಜರ್ಮನಿ, ಬೆಲ್ಜಿಯಂ. ಒಂದು ಕಾಲಕ್ಕೆ ಆ ದೇಶ ಬದುಕಿದ್ದು ನೆಲದೊಳಗಿನ ಅದಿರು ಮತ್ತು ಉಕ್ಕಿನಿಂದ. 1970ರ ದಶಕದಲ್ಲಿ ಯುರೋಪಿನ ಉಕ್ಕು ಉದ್ಯಮ ಕುಸಿದಾಗ ಅದಕ್ಕೆ ದೊಡ್ಡ ಪೆಟ್ಟು ಬಿತ್ತು.

ಇಂದು ಯುರೋಪಿನ ಅತಿ ದೊಡ್ಡ ಸರಕು ವಿಮಾನ ಸಂಸ್ಥೆಗಳಲ್ಲಿ ಒಂದಾದ ಕಾರ್ಗೋಲಕ್ಸ್‌ನ ನೆಲೆ ಇದೇ ದೇಶದಲ್ಲಿದೆ. ಅದು ಹುಟ್ಟಿದ್ದು 1970ರಲ್ಲಿ. ಫ್ರಾನ್ಸ್ ಗಡಿಗೆ ಹತ್ತಿರದ ಬೆಟೆಂಬರ್ಗ್ ಊರಿನಲ್ಲಿ ಲಾರಿಯ ಟ್ರೇಲರುಗಳನ್ನೇ ರೈಲಿಗೆ ಏರಿಸುವ ಅಂಗಳವಿದೆ. ಅಲ್ಲಿ ರೈಲು ಹತ್ತಿದ ಟ್ರೇಲರು ಫ್ರಾನ್ಸನ್ನು ಉದ್ದಕ್ಕೆ ಸೀಳಿಕೊಂಡು ಸ್ಪೇನ್ ಗಡಿಯ ಬಳಿ ಇಳಿಯುತ್ತದೆ. ಆ ಸೇವೆ 2007ರಲ್ಲಿ ಆರಂಭವಾಯಿತು. ಸರಕು ಹೆಚ್ಚಿದಂತೆ ಹೊಸ ಅಂಗಳ ಕಟ್ಟಿದರು, 2017ರಲ್ಲಿ ಅದು ಸಿದ್ಧವಾಯಿತು.

ಇದರಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ವಿಮಾನವೂ ಅಲ್ಲ, ರೈಲೂ ಅಲ್ಲ. ಮೊಸೆಲ್ ನದಿಯ ದಂಡೆಯಲ್ಲಿ, ಮೂರು ದೇಶಗಳು ಕೂಡುವ ಕಡೆ ಶೆಂಗೆನ್ ಎಂಬ ಲಕ್ಸೆಂಬರ್ಗಿನ ಹಳ್ಳಿಯಿದೆ. 1985ರ ಜೂನ್ 14ರಂದು ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ಕೈಬಿಡಲು ಅಲ್ಲಿಯೇ ಸಹಿ ಹಾಕಿದವು. ಗಡಿಯಲ್ಲಿ ಲಾರಿ ಕಾಯುವುದು ತಪ್ಪಿದಾಗ ಹೆಚ್ಚು ಲಾಭವಾಗುವುದು ಗಡಿಗೆ ಅಂಟಿಕೊಂಡ ಊರಿಗೆ. ನಿನ್ನೆಯವರೆಗೆ ದೇಶದ ಮೂಲೆಯಾಗಿದ್ದ ಊರು ಇಂದು ಹಲವು ದೇಶಗಳ ನಡುವಿನ ಊರು.

ನಮ್ಮ ಗಡಿಯೂ ಬಿದ್ದಿದೆ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ನಮ್ಮಲ್ಲಿಯೂ ಇಂಥದ್ದೇ ಒಂದು ಬದಲಾವಣೆ ಆಯಿತು. ಮೊದಲು ಕಂಪನಿಗಳು ತೆರಿಗೆಯ ಲೆಕ್ಕಕ್ಕಾಗಿಯೇ ರಾಜ್ಯಕ್ಕೊಂದು ಗೋದಾಮು ಇಡುತ್ತಿದ್ದವು. ಕರ್ನಾಟಕದ ಸರಕು ಬೆಂಗಳೂರಿನಲ್ಲಿ, ಮಹಾರಾಷ್ಟ್ರದ್ದು ಭಿವಂಡಿಯಲ್ಲಿ. ಬೆಂಗಳೂರಿನಿಂದ ಕಲಬುರಗಿಗೆ ಹೆಚ್ಚುಕಡಿಮೆ ಆರುನೂರು ಕಿ.ಮೀ., ಹೈದರಾಬಾದಿನಿಂದ ಇನ್ನೂರಿಪ್ಪತ್ತು. ಆದರೂ ಇಲ್ಲಿನ ಅಂಗಡಿಯ ಸಾಬೂನು, ಬಿಸ್ಕತ್ತು ದೂರದ ದಾರಿ ಹಿಡಿದು ಬರಬೇಕಿತ್ತು. ಈಗ ಗೋದಾಮು ಎಲ್ಲಿರಬೇಕು ಎಂಬುದನ್ನು ದೂರ ಮತ್ತು ಬಾಡಿಗೆ ತೀರ್ಮಾನಿಸುತ್ತವೆ. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂದು ರಾಜ್ಯದಿಂದ ರಾಜ್ಯಕ್ಕೆ ಸಾಗುವ ಸರಕಿನ ಕಾಗದವೂ ಮೊಬೈಲಿಗೆ ಇಳಿಯಿತು.

ಈ ಕಣ್ಣಿನಿಂದ ನಕ್ಷೆ ನೋಡಿ. ಸೊಲ್ಲಾಪುರ, ಬೀದರ್ ಎರಡೂ ನೂರು ಕಿ.ಮೀ. ಆಚೀಚೆ. ವಿಜಯಪುರ, ಯಾದಗಿರಿ, ಹೈದರಾಬಾದು ಹಗಲೊಂದರಲ್ಲಿ ಹೋಗಿ ಬರುವ ದೂರ. ಬೆಂಗಳೂರಿಗೆ ದೂರದ ಜಿಲ್ಲೆ ಎಂದು ನೂರು ಸಲ ಕೇಳಿಸಿಕೊಂಡ ಊರು, ಮೂರು ರಾಜ್ಯಗಳಿಗೆ ಒಟ್ಟಿಗೆ ಸರಕು ಹಂಚಲು ಹೇಳಿ ಮಾಡಿಸಿದ ಜಾಗದಲ್ಲಿದೆ. ಒಂದೇ ಸಂತೆಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಬಳಸಿ ವ್ಯವಹಾರ ಮುಗಿಸುವ ಜನ ಇಲ್ಲಿದ್ದಾರೆ. ಸಾಗಣೆಯ ಉದ್ಯಮದಲ್ಲಿ ಇದು ಸಣ್ಣ ಬಂಡವಾಳವಲ್ಲ.

ಇದು ಹೊಸ ಹೆಗ್ಗಳಿಕೆಯೂ ಅಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ಸಿಕ್ಕಿವೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿದೆ. ಆ ವಂಶದ ಅರಸನನ್ನು ಒಂಬತ್ತನೆಯ ಶತಮಾನದ ಅರಬ್ ವರ್ತಕ ಸುಲೇಮಾನನ ಹೆಸರಿನ ವೃತ್ತಾಂತ ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸುತ್ತದೆ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಪಶ್ಚಿಮ ಕರಾವಳಿಯ ದಾಭೋಳ, ಚೌಲ ಬಂದರುಗಳಲ್ಲಿ ಇಳಿದ ಕುದುರೆಗಳು ಘಟ್ಟ ಏರಿ ದಖನಿಗೆ ಬರುತ್ತಿದ್ದವು.

ಹಳಿಯ ಕಥೆ

ಮುಂಬೈ ಕಡೆಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಮೂರೇ ವರ್ಷದಲ್ಲಿ ಇದೇ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಒಂದೂವರೆ ಶತಮಾನದಿಂದ ದೇಶದ ಮುಖ್ಯ ರೈಲು ಮಾರ್ಗವೊಂದು ಈ ಜಿಲ್ಲೆಯ ಎದೆಯ ಮೇಲೆ ಹಾದಿದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗ ಅದಕ್ಕೆ ಉತ್ತರದ ಕವಲು. ಅದು ಮರಗುತ್ತಿಯ ಸುರಂಗ ಹೊಕ್ಕು ಕಮಲಾಪುರದ ಮೇಲೆ ಹೋಗುತ್ತದೆ. ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಿಕೆ ಇದೆ. ಬೇಗ ಕೆಡುವ ಈ ಹಣ್ಣಿಗೆ ಬೇಕಾದದ್ದು ತೋಟದ ಹತ್ತಿರವೇ ಒಂದು ಶೀತಲಗೃಹ, ಹಣ್ಣು ಮಾಗಿಸುವ ಕೋಣೆ, ರೈಲಿಗೆ ಏರಿಸುವ ವ್ಯವಸ್ಥೆ. ದೊಡ್ಡ ಯೋಜನೆಗಳ ಮಾತಿನಲ್ಲಿ ಇಂಥ ಸಣ್ಣ ಬೇಡಿಕೆ ಕಳೆದುಹೋಗಬಾರದು.

ಹಳಿ ನಮ್ಮ ನೆಲದಲ್ಲಿದ್ದರೂ ಆಡಳಿತ ನಮ್ಮಲ್ಲಿಲ್ಲ. ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದು. ವಾಡಿ ದಾಟಿದರೆ ಆಡಳಿತ ಮತ್ತೆ ಹೊರಗಿನ ವಿಭಾಗದ್ದೇ. ಮಲ್ಲಿಕಾರ್ಜುನ ಖರ್ಗೆಯವರು 2013–14ರಲ್ಲಿ ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೆ ಪ್ರತ್ಯೇಕ ವಿಭಾಗ ಪ್ರಕಟವಾಯಿತು. ಜನ ಇನ್ನೂ ಅದಕ್ಕಾಗಿ ಕೇಳುತ್ತಲೇ ಇದ್ದಾರೆ. ಕೆಲವರಿಗೆ ಇದು ಬರೀ ಅಭಿಮಾನದ ಬೇಡಿಕೆಯಾಗಿ ಕಂಡಿದೆ. ನನಗೆ ಹಾಗನಿಸುವುದಿಲ್ಲ. ಯಾವ ರೇಕು ಯಾವಾಗ ಸಿಗಬೇಕು, ಹೊಸ ಸೈಡಿಂಗ್ ಎಲ್ಲಿ ಬೇಕು, ಗೂಡ್ಸ್ ಶೆಡ್ಡಿನ ಮಾಡು ಸೋರುತ್ತಿದೆಯೇ ಎಂಬುದನ್ನು ದಿನಾ ನೋಡುವ ಅಧಿಕಾರಿ ಇದೇ ಊರಿನಲ್ಲಿ ಕೂತಿದ್ದರೆ ಸರಕಿನ ಹಾದಿ ಬದಲಾಗುತ್ತದೆ.

ವಾಪಸ್ ಲೋಡ್

ಲಾರಿ ಮಾಲೀಕರನ್ನು ಕೇಳಿದರೆ ಹೊರಡುವ ಬಾಡಿಗೆಗಿಂತ ವಾಪಸ್ ಲೋಡಿನ ಮಾತೇ ಮೊದಲು. ಹೋದ ಗಾಡಿ ಖಾಲಿ ಬಂದರೆ ಡೀಸೆಲು, ಟೋಲು ಎರಡೂ ಹೋಗುವ ಬಾಡಿಗೆಯ ಮೇಲೆಯೇ ಬೀಳುತ್ತವೆ, ಸಾಗಣೆ ತುಟ್ಟಿಯಾಗುತ್ತದೆ. ಎರಡೂ ದಿಕ್ಕಿಗೆ, ವರ್ಷದ ಹನ್ನೆರಡು ತಿಂಗಳೂ ಲೋಡು ಸಿಗುವ ಊರೇ ನಿಜವಾದ ಸಾಗಣೆ ಕೇಂದ್ರ.

ಕಲಬುರಗಿಯ ಲೆಕ್ಕ ಇಲ್ಲಿ ಆಸಕ್ತಿಕರವಾಗುತ್ತದೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಸಿಮೆಂಟು ಕಾರ್ಖಾನೆಗಳು ಸುಣ್ಣಕಲ್ಲಿನ ಮೇಲೆ ಕೂತಿವೆ. ಸಿಮೆಂಟು ವರ್ಷವಿಡೀ ಹೊರಗೆ ಹೋಗುತ್ತದೆ, ಕಲ್ಲಿದ್ದಲು ಒಳಗೆ ಬರುತ್ತದೆ. ಶಹಾಬಾದಿನ ಫರ್ಸಿ ಊರೂರಿನ ಅಂಗಳ ಸೇರಿದೆ. ಆದರೆ ಕಲ್ಲಿದ್ದಲು ಹೊತ್ತ ವ್ಯಾಗನ್ನಿನಲ್ಲಿ ಬೇಳೆ ತುಂಬಲಾಗದು. ತೊಗರಿ, ಹತ್ತಿ ಕೆಲವೇ ತಿಂಗಳ ಮಾಲು. ಒಳಗೆ ಬರುವ ಚೀಲದ, ಪೆಟ್ಟಿಗೆಯ ಸರಕು ಕಡಿಮೆ. ಈ ಕೊರತೆ ತುಂಬಬಲ್ಲ ಯೋಜನೆಯೊಂದು ಕೈಗೆ ಬಂದಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಪ್ರಕಟಿಸಿತು. ಅದರಲ್ಲಿ ಕಲಬುರಗಿಯೂ ಒಂದು. ಹೊನ್ನಕಿರಣಗಿ ಬಳಿ ಸಾವಿರ ಎಕರೆ ಗುರುತಿಸಲಾಗಿದೆ. ನೂಲು, ಯಂತ್ರ, ಬಣ್ಣ ಒಳಗೆ, ಬಟ್ಟೆ ಹೊರಗೆ. ನಿಜಾಮರ ಕಾಲದ ಎಂಎಸ್‌ಕೆ ಮಿಲ್ಲಿನ ಹೆಸರನ್ನು ಈಗ ನಗರದ ಒಂದು ಪ್ರದೇಶದ ಹೆಸರಾಗಿ ಮಾತ್ರ ಬಲ್ಲ ಊರಿಗೆ ಇದರ ಬೆಲೆ ಗೊತ್ತು.

ಸೂರತ್–ಚೆನ್ನೈ ಆರು ಪಥದ ಹೆದ್ದಾರಿಯೂ ಈ ಜಿಲ್ಲೆಯನ್ನು ಹಾಯುತ್ತದೆ. ಅದರ ಒಂದು ಭಾಗವಾದ 65.5 ಕಿ.ಮೀ. ರಸ್ತೆಗೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಶಂಕುಸ್ಥಾಪನೆ ಆಯಿತು. ಸೂರತ್ತಿನ ಬಟ್ಟೆ, ಚೆನ್ನೈ ಬಂದರಿನ ಕಂಟೇನರು ಒಂದೇ ದಾರಿಯಲ್ಲಿ ಬರುತ್ತವೆ. ಇಳಿಯಲು ಜಾಗವಿಲ್ಲದಿದ್ದರೆ ಅವು ನಮ್ಮ ಹೊಲಗಳ ನಡುವೆ ವೇಗವಾಗಿ ಹಾದುಹೋಗುತ್ತವೆ, ಅಷ್ಟೆ. 2019ರ ನವೆಂಬರ್ 22ರಂದು ತೆರೆದ ವಿಮಾನ ನಿಲ್ದಾಣದ ವಿಷಯ ಹೆಚ್ಚು ಹೇಳಬೇಕಿಲ್ಲ. ಮೂರು ಕಿ.ಮೀ. ದಾಟುವ ರನ್‌ವೇ ಇದೆ, ನಿಯಮಿತ ಸರಕು ವಿಮಾನ ಇಳಿಯುವ ಕಾಲ ಬಂದಿಲ್ಲ. ಅದರ ಸರದಿ ಕೊನೆಗೆ.

ಗೋಣಿಚೀಲ ಸಾಲದ ವರ್ಷ

ಗೋದಾಮು ಎಂದರೆ ನಾಲ್ಕು ಗೋಡೆ, ಒಂದು ತಗಡಿನ ಮಾಡು ಎಂದುಕೊಂಡವರು 2017ರ ಆರಂಭವನ್ನು ನೆನಪಿಸಿಕೊಳ್ಳಬೇಕು. 2015ರಲ್ಲಿ ತೊಗರಿ ಬೇಳೆ ಕಿಲೋಗೆ ಇನ್ನೂರು ರೂಪಾಯಿಯ ಹತ್ತಿರ ಹೋಯಿತು. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. ಬೆಲೆ ನೋಡಿದ ನಮ್ಮ ರೈತ ಅದೇ ವರ್ಷ ಹೆಚ್ಚು ಬಿತ್ತಿದ, ಮಳೆಯೂ ಕೈಹಿಡಿಯಿತು. ರಾಶಿಯಾಗುವ ಹೊತ್ತಿಗೆ ಧಾರಣೆ ಬೆಂಬಲ ಬೆಲೆಯಾದ ಕ್ವಿಂಟಲಿಗೆ 5,050 ರೂಪಾಯಿಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳಲ್ಲಿ ಗೋಣಿಚೀಲ ಸಾಲಲಿಲ್ಲ, ಕೂಡಿಡಲು ಜಾಗ ಸಾಲಲಿಲ್ಲ. ಬೆಳೆದ ಕಾಳಿನ ಪಕ್ಕದಲ್ಲೇ ರೈತರು ದಿನಗಟ್ಟಲೆ ಕಾದರು.

ಅಂದು ಬೇಕಿದ್ದದ್ದು ಹುಳು ಹಿಡಿಯದಂತೆ ಕಾಳನ್ನು ಆರು ತಿಂಗಳು ಕಾಯುವ ಉಗ್ರಾಣ ಮತ್ತು ಅದು ಕೊಡುವ ರಸೀತಿಯ ಮೇಲೆ ಬ್ಯಾಂಕು ನೀಡುವ ಸಾಲ. ಇದಕ್ಕೆ ಕಾನೂನು 2007ರಲ್ಲೇ ಬಂದಿದೆ, ರಸೀತಿ 2017ರಲ್ಲಿ ಡಿಜಿಟಲ್ ಆಗಿದೆ. ರಾಶಿ ಮುಗಿದ ವಾರವೇ ಸಾಲ ತೀರಿಸಬೇಕಾದ ರೈತ ಸಿಕ್ಕ ಬೆಲೆಗೆ ಮಾರುತ್ತಾನೆ. ರಸೀತಿ ಅಡವಿಟ್ಟು ಖರ್ಚಿಗೆ ಹಣ ಸಿಕ್ಕರೆ ಅವನು ಕಾಯಬಲ್ಲ. ಸಾಗಣೆ ಕೇಂದ್ರದ ಮೊದಲ ಕಟ್ಟಡ ಯಾವುದಾಗಬೇಕೆಂದು ನನ್ನನ್ನು ಕೇಳಿದರೆ, ಈ ಉಗ್ರಾಣ.

ಎರಡನೆಯದು ಒಣಬಂದರು, ಅಂದರೆ ಕಡಲಿನಿಂದ ದೂರದಲ್ಲಿ ಕಸ್ಟಮ್ಸ್ ಕೆಲಸ ಮುಗಿಸುವ ಕಂಟೇನರು ಅಂಗಳ. ದೇಶದ ಮೊದಲ ಒಣಬಂದರು 1981ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಕಲಬುರಗಿಗೆ ಅದು ಬಂದರೆ ವಿದೇಶದ ತೊಗರಿಯೂ ಇಲ್ಲಿಗೇ ಬರುತ್ತದೆ ಎಂಬ ಅಂಜಿಕೆ ರೈತರಲ್ಲಿ ಹುಟ್ಟುವುದು ಸಹಜ. ಆದರೆ 2021ರಲ್ಲೇ ತೊಗರಿ ಆಮದು ಮುಕ್ತವಾಯಿತು. ಮೊಜಾಂಬಿಕ್, ಮ್ಯಾನ್ಮಾರ್ ಕಾಳು ಮುಂಬೈ, ಚೆನ್ನೈಗಳಲ್ಲಿ ಇಳಿದು ಬೇರೆ ಊರಿನ ಮಿಲ್ಲುಗಳಲ್ಲಿ ಬೇಳೆಯಾಗುತ್ತಿದೆ, ನಮ್ಮ ಗಂಜಿನ ಧಾರಣೆಯನ್ನು ಅಲ್ಲಿಂದಲೇ ಅಲುಗಿಸುತ್ತಿದೆ. ರೈತನ ರಕ್ಷಣೆ ಆಮದು ಸುಂಕದಿಂದ, ಬೆಂಬಲ ಬೆಲೆಯ ಖರೀದಿಯಿಂದ ಆಗಬೇಕು. ಅದಿಲ್ಲದೆ ಒಣಬಂದರು ಬೇಡ ಎನ್ನುವವರ ಜೊತೆ ನಾನಿದ್ದೇನೆ. ಆ ರಕ್ಷಣೆ ಗಟ್ಟಿಯಾಗಿದ್ದರೆ, ಹಂಗಾಮು ಮುಗಿದು ಬಾಗಿಲು ಹಾಕುವ ಇಲ್ಲಿನ ಮಿಲ್ಲುಗಳಿಗೆ ಮಳೆಗಾಲದಲ್ಲೂ ಕೆಲಸ ಸಿಗಲಿ.

ಎಲ್ಲಿ ಕಟ್ಟಬೇಕು

ನಗರದ ಅಂಚಿನ ಶರಣಸಿರಸಗಿಯಂಥ ಊರುಗಳಿಗೆ ಇವನ್ನೆಲ್ಲ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ನೇರವಾಗಿ ತಟ್ಟುತ್ತದೆ. ಹೆದ್ದಾರಿ, ಪಾರ್ಕು ಎಂಬ ಸುದ್ದಿ ಹಬ್ಬಿದರೆ ಸಾಕು, ಮೊದಲು ಬರುವವರು ಹೊಲ ಕೊಳ್ಳುವವರು. ಲೇಔಟಿನ ಕಲ್ಲು ನೆಟ್ಟ ಎರೆಹೊಲ ಮತ್ತೆ ತೊಗರಿ ಕಾಣುವುದಿಲ್ಲ. ಯಾವ ನೆಲದ ಗುಣಕ್ಕಾಗಿ ನಮ್ಮ ಬೇಳೆಗೆ ಮಾನ್ಯತೆ ಸಿಕ್ಕಿತೋ ಅದೇ ನೆಲದ ಮೇಲೆ ಕಾಂಕ್ರೀಟು ಹಾಕುವುದು ತಪ್ಪು. ಇಂಜಿನಿಯರುಗಳಿಗೂ ಇದು ಗೊತ್ತಿರುವ ಮಾತು: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಭಾರದ ಗೋದಾಮಿನ ಅಡಿಪಾಯಕ್ಕೆ ಅದು ಖರ್ಚಿನ ನೆಲ.

ಶಹಾಬಾದ್–ವಾಡಿ ಕಡೆ ಫರ್ಸಿ ತೆಗೆದು ಬಿಟ್ಟ, ಬಿತ್ತನೆಗೆ ಬಾರದ ಕಲ್ಲುನೆಲವಿದೆ. ಮೂರು ದಿಕ್ಕಿನ ಹಳಿ ಪಕ್ಕದಲ್ಲೇ ಇದೆ. ಕಂಟೇನರು ಅಂಗಳ, ಲಾರಿ ಟರ್ಮಿನಲ್, ಚಾಲಕರು ಮಲಗಿ ಎದ್ದು ಸ್ನಾನ ಮಾಡಿ ಊಟ ಮಾಡುವ ತಂಗುದಾಣ ಅಲ್ಲಿಗೆ ಹೋಗಲಿ. ಶರಣಸಿರಸಗಿ, ಕಮಲಾಪುರಗಳಿಗೆ ಚಿಕ್ಕ ಉಗ್ರಾಣ, ಕಾಳು ಸ್ವಚ್ಛ ಮಾಡುವ ಯಂತ್ರ, ಬಾಳೆಗೆ ಶೀತಲಗೃಹ ಬರಲಿ. ಅವುಗಳ ಒಡೆತನ ರೈತ ಉತ್ಪಾದಕ ಕಂಪನಿಗಳ ಕೈಯಲ್ಲಿರಲಿ. ಜಮೀನು ಬೇಕೇಬೇಕಾದ ಕಡೆ ಒಂದೇ ಸಲಕ್ಕೆ ಹಣ ಕೊಟ್ಟು ಕೈತೊಳೆಯದೆ, ವರ್ಷ ವರ್ಷ ಏರುವ ಬಾಡಿಗೆಗೆ ಪಡೆಯಲಿ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಇಲ್ಲಿನ ಹುಡುಗರು ಆ ಊರುಗಳ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ನಡೆಸುವುದನ್ನು, ಸ್ಕ್ಯಾನರ್ ಹಿಡಿದು ಲೆಕ್ಕ ಇಡುವುದನ್ನು ಈಗಾಗಲೇ ಕಲಿತಿದ್ದಾರೆ. ಸಂವಿಧಾನದ 371ಜೆ ವಿಧಿ ಕೊಟ್ಟ ವಿಶೇಷ ಸ್ಥಾನ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಎರಡೂ ನಮಗಿವೆ. ಮುಂದಿನ ರಾಶಿಗೆ ಮೊದಲು ಮೊದಲ ಉಗ್ರಾಣದ ಪಾಯ ಬೀಳಲಿ.